ಶಿಲಾಶಾಸನಗಳೂ ರಸಾಯನಶಾಸ್ತ್ರವೂ

(ಜಯನಗರದಲ್ಲಿ ಉಪಾಧ್ಯಾಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ನಾವು ಕುಳಿತಿರುವ ಈ ಜಯನಗರಕ್ಕೆ ದಕ್ಷಿಣದಲ್ಲಿ, ಕೆಲವೇ ಮೈಲಿಗಳ ದೂರದಲ್ಲಿ, ಬೇಗೂರೆಂಬ ಊರಿರುವುದು. ಗಂಗರಸರ ಕಾಲದಲ್ಲಿ ಅದು ಬೆಂಪೂರು ಎನಿಸಿಕೊಂಡು ಒಂದು ಸಣ್ಣ ನಾಡಿಗೆ ಮುಖ್ಯ ಸ್ಥಳವಾಗಿದ್ದಿತು. ಅಲ್ಲಿಯ ಪಂಚಲಿಂಗ ನಾಗೇಶ್ವರ ದೇವಾಲಯದ ಆವರಣದಲ್ಲಿ ಕ್ರಿ. ಶ. 890ರ ಸುಮಾರಿನದೆಂದು ವಿದ್ವಾಂಸರು ಎಣಿಸಿರುವ ಒಂದು ಶಾಸನವುಂಟು. ಬೆಂಗಳೂರಿನಲ್ಲಿ ನಡೆದ ಕಾಳೆಗವೊಂದರಲ್ಲಿ ನಾಗತ್ತರನ ಕಡೆಯ ವೀರನೊಬ್ಬನು ಮಡಿದನೆಂಬುದೇ ಅದರ ಸಾರ. ಮುದುಕಿಯೊಬ್ಬಳು ವೀರಬಲ್ಲಾಳನಿಗೆ ಬೆಂದ ಕಾಳನ್ನಿತ್ತುದರಿಂದ ನಮ್ಮ ನಗರಕ್ಕೆ ಹೆಸರು ಬಂದಿತೆಂಬ ಕಥೆಯನ್ನು ನಾವೆಲ್ಲರೂ ಮಕ್ಕಳಿಗೆ ಹೇಳಿದ್ದೇವೆ. ಆದರೆ ಆ ಹೊಯ್ಸಳ ದೊರೆಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಬೆಂಗಳೂರೆಂಬ ಊರು ಇದ್ದಿತೆಂಬುದಕ್ಕೆ ಈ ಕಲ್ಲೇ ಸಾಕ್ಷಿ. ಆ ಒಂದು ಪಂಕ್ತಿಯು ಸವೆದುಹೋಗಿದ್ದರೆ ಈ ತಿಳಿವಳಿಕೆಯು ನಮಗೆ ದೊರೆಯುತ್ತಿತ್ತೆ?

ಇದೇ ಬೇಗೂರಿನ ಮತ್ತೊಂದು ವೀರಗಲ್ಲು, ನಾಗತ್ತರನು ಆನೆಗಳ ನಡುವೆ ಕಾದಿ ಮಡಿದುದನ್ನು ಕಂಡರಿಸಿದ ಕಲ್ಲು, 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ನೆರಳನ್ನು ಕಂಡಿದೆ. ಆದರೆ ನಾಡಿನ ಸಾವಿರಾರು ಕಲ್ಲುಗಳಿಗೆ ಅಂತಹ ಆಶ್ರಯವಿಲ್ಲ. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಹಿಂಬದಿಯಲ್ಲಿ ಅವು ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿವೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ, ಕ್ರಿ. ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲು ಮಣ್ಣಿನಿಂದ ಹೊರಬಂದಿತು. ನೋಡಬಲ್ಲವರ ಕಣ್ಣಿಗೆ ಬಿದ್ದುದರಿಂದ ಅದು ಉಳಿಯಿತು. ಕಣ್ಣಿಗೆ ಬೀಳದೆ ತಳಪಾಯಕ್ಕೆ ಸೇರಿದವುಗಳ ಲೆಕ್ಕವನ್ನು ಯಾರು ಬಲ್ಲರು?

ಕಲ್ಲು ಶಾಶ್ವತವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷಗಳ ವಯಸ್ಸೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಬಂಡೆಯ ಆಯುಷ್ಯವು ಬೇರೆ, ಅದರ ಮೇಲೆ ಕೂದಲೆಳೆಯ ಆಳಕ್ಕೆ ಕೊರೆದ ಅಕ್ಷರದ ಆಯುಷ್ಯವು ಬೇರೆ. ಈ ಜಾತಿಯ ಶಿಲೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಎಂಬ ಮೂರು ಖನಿಜಗಳು ಮುಖ್ಯವಾಗಿರುವುವು. ಬೆಣಚು ಗಟ್ಟಿ. ಫೆಲ್ಡ್‌ಸ್ಪಾರ್ ಮಳೆನೀರಿನಿಂದ ಬಹುಕಾಲಕ್ಕೆ ಜೇಡಿಯಾಗುವುದು. ಕಪ್ಪು ಅಭ್ರಕದಲ್ಲಿಯ ಕಬ್ಬಿಣವು ತುಕ್ಕಾಗಿ ಹಳದಿ ಕಲೆಯನ್ನು ಬಿಡುವುದು. ಅಕ್ಷರಗಳಿರುವುದು ಕಲ್ಲಿನ ಮೇಲ್ಪದರದಲ್ಲಿಯೇ. ಆ ಪದರವು ಉದುರಿದೊಡನೆ ಶಾಸನವೂ ಮುಗಿಯಿತು.

ಕಾಲವು ನಿಧಾನವಾಗಿ ಮಾಡುವ ಈ ಹಾನಿಯನ್ನು ನಮ್ಮ ಭಕ್ತಿಯೂ ಉತ್ಸಾಹವೂ ಒಂದೇ ದಿನದಲ್ಲಿ ಮಾಡಿಬಿಡುತ್ತವೆ. ದೇವರೆಂದು ಎಣ್ಣೆ ಎರೆಯುತ್ತೇವೆ. ಎಣ್ಣೆಯು ಧೂಳನ್ನೂ ಹೊಗೆಯನ್ನೂ ಹಿಡಿದು ಕರಿಯ ಚಕ್ಕೆಯಾಗುವುದು. ಜಾತ್ರೆಗೆಂದು ಸುಣ್ಣ ಬಳಿಯುತ್ತೇವೆ. ಅಕ್ಷರ ಕಾಣಲೆಂದು ಬಣ್ಣ ತುಂಬುತ್ತೇವೆ. ಓದಲಾರದವನು ತನಗೆ ತೋರಿದಂತೆ ಗೆರೆ ಎಳೆದರೆ, ಆ ತಪ್ಪೇ ಮುಂದಿನವರಿಗೆ ಪಾಠವಾಗುವುದು. ಹಳೆಯ ಕಲ್ಲನ್ನು ಹೊಸದಾಗಿ ಕಾಣಿಸಬೇಕೆಂದು ಆಸಿಡ್ಡಿನಿಂದ ತೊಳೆಯುವವರೂ, ಯಂತ್ರದಿಂದ ಮರಳು ಸಿಡಿಸುವವರೂ ಇದ್ದಾರೆ. ಆಸಿಡ್ಡು ಅಭ್ರಕದ ಕಬ್ಬಿಣವನ್ನು ಕರಗಿಸಿ ಕಲ್ಲನ್ನು ಹಳದಿಗಟ್ಟಿಸುವುದು. ಮರಳು ಮೇಲ್ಪದರವನ್ನೇ ಅರೆದುಹಾಕುವುದು. ಬುಡಕ್ಕೆ ಬಿಗಿದ ಸಿಮೆಂಟಿನೊಳಗಿನ ಲವಣವು ತೇವದೊಡನೆ ಕಲ್ಲನ್ನೇರಿ, ಒಣಗಿದಾಗ ಹರಳುಗಟ್ಟಿ, ಒಳಗಿನಿಂದಲೇ ಪದರವನ್ನು ಎಬ್ಬಿಸುವುದು. ಇವೆಲ್ಲವೂ ಜೀರ್ಣೋದ್ಧಾರವೆಂಬ ಒಳ್ಳೆಯ ಹೆಸರಿನಲ್ಲಿಯೇ ನಡೆಯುತ್ತಿರುವುದು ಶೋಚನೀಯ.

ಇಂತಹ ರೋಗಗಳಿಗೆ ಚಿಕಿತ್ಸೆಯನ್ನು ಹುಡುಕುವ ಶಾಸ್ತ್ರವೊಂದು ಬೆಳೆದಿದೆ. 1888ರಲ್ಲಿ ಬರ್ಲಿನ್ ನಗರದ ರಾಜಕೀಯ ವಸ್ತುಸಂಗ್ರಹಾಲಯಗಳಲ್ಲಿ ಫ್ರೀಡ್ರಿಕ್ ರಾತ್‌ಗೆನ್ ಎಂಬ ರಸಾಯನಶಾಸ್ತ್ರಜ್ಞನನ್ನು ಇದಕ್ಕಾಗಿಯೇ ನೇಮಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನವರು ತಮ್ಮ ವಸ್ತುಗಳನ್ನು ನೆಲದಡಿಯ ರೈಲುಸುರಂಗದಲ್ಲಿ ಬಚ್ಚಿಟ್ಟಿದ್ದರು. ಹೊರತೆಗೆದಾಗ ತುಕ್ಕೂ ಲವಣವೂ ಮುತ್ತಿದ್ದುದನ್ನು ಕಂಡು ಅಲ್ಲಿಯೂ ಪ್ರಯೋಗಶಾಲೆಯನ್ನು ತೆರೆದರು. ನಮ್ಮ ದೇಶವೇನೂ ಹಿಂದೆ ಬೀಳಲಿಲ್ಲ. 1917ರಲ್ಲಿಯೇ ಭಾರತದ ಪುರಾತತ್ತ್ವ ಇಲಾಖೆಯಲ್ಲಿ ಮಹಮ್ಮದ್ ಸನಾ ಉಲ್ಲಾ ಅವರು ಪುರಾತತ್ತ್ವ ರಸಾಯನಜ್ಞರಾಗಿ ನೇಮಕಗೊಂಡರು. ಕಲಕತ್ತೆಯಲ್ಲಿ ಆರಂಭವಾದ ಆ ಪ್ರಯೋಗಶಾಲೆಯು ಕೆಲವು ವರ್ಷಗಳಲ್ಲಿಯೇ ಡೆಹರಾಡೂನಿಗೆ ಹೋಯಿತು.

ಅಲ್ಲಿಯ ಕೆಲಸದ ರೀತಿಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕಲ್ಲಿನಲ್ಲಿ ಉಪ್ಪು ಸೇರಿದೆಯೆನ್ನೋಣ. ಕಾಗದವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಯಿಸಿ ಮುದ್ದೆಮಾಡಿ ಕಲ್ಲಿಗೆ ಮೆತ್ತುವರು. ನೀರು ಕಲ್ಲಿನ ರಂಧ್ರಗಳನ್ನು ಹೊಕ್ಕು ಉಪ್ಪನ್ನು ಕರಗಿಸುವುದು. ಮುದ್ದೆಯು ಒಣಗುತ್ತಿದ್ದಂತೆ ಉಪ್ಪು ಅದರೊಳಕ್ಕೆ ಬರುವುದು. ತೆಗೆದ ಮುದ್ದೆಯನ್ನು ಶುದ್ಧ ನೀರಿನಲ್ಲಿ ಕದಡಿ ಸೋಸಿ, ಅದಕ್ಕೆ ನೈಟ್ರಿಕ್ ಆಮ್ಲದೊಡನೆ ಸಿಲ್ವರ್ ನೈಟ್ರೇಟಿನ ಕೆಲವು ತೊಟ್ಟುಗಳನ್ನು ಹಾಕಿದರೆ, ಕ್ಲೋರೈಡ್ ಇದ್ದಲ್ಲಿ ನೀರು ಹಾಲಿನಂತಾಗುವುದು. ನಮ್ಮ ಪ್ರೌಢಶಾಲೆಗಳಲ್ಲಿ ಕಲಿಸುವ ಪರೀಕ್ಷೆಯೇ ಇದು. ನೀರು ತಿಳಿಯಾಗಿಯೇ ಉಳಿಯುವವರೆಗೆ ಮತ್ತೆ ಮತ್ತೆ ಮುದ್ದೆ ಮೆತ್ತುವರು. ಬಣ್ಣವನ್ನು ತೆಗೆಯಬೇಕಾದರೂ ಅಷ್ಟೆ. ಅಕ್ಷರವಿಲ್ಲದ ಒಂದು ಮೂಲೆಯಲ್ಲಿ ಅಂಗುಲದಷ್ಟು ಜಾಗದಲ್ಲಿ ಮೊದಲು ಪರೀಕ್ಷಿಸಿ, ಕಲ್ಲಿಗೆ ಅಪಾಯವಿಲ್ಲವೆಂದು ಕಂಡಮೇಲೆ ಮುಂದುವರಿಯುವರು. ಪ್ರತಿಯೊಂದು ಹೆಜ್ಜೆಗೂ ಮೊದಲು ಚಿತ್ರವುಂಟು, ಅನಂತರವೂ ಚಿತ್ರವುಂಟು.

ಚಿಕಿತ್ಸೆಗಿಂತಲೂ ಮೊದಲು ಆಗಬೇಕಾದುದು ದಾಖಲೆ. 1885ರಲ್ಲಿ ಮೈಸೂರಿನಲ್ಲಿ ಪುರಾತತ್ತ್ವ ಇಲಾಖೆಯು ಹುಟ್ಟಿದ ಮೇಲೆ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರಕಟಿಸಿದರು. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಕುಂಚದಿಂದ ಬಡಿದು, ಮಸಿಯೊತ್ತಿ ಅಚ್ಚು ತೆಗೆಯುವ ಕ್ರಮವು ಅಂದಿನಿಂದಲೂ ನಡೆದುಬಂದಿದೆ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ ಹರಿದು ಹಂಚಿಹೋಗಿದ್ದ ನಾಡಿಗೆ ಅದರ ಹಿಂದಿನ ಹಿರಿಮೆಯನ್ನು ನೆನಪಿಸಿದರು. ಅಂತಹ ಇತಿಹಾಸಕ್ಕೆ ಆಧಾರವೇ ಇಂತಹ ಶಾಸನಗಳು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು 2021ರಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಕಾರ್ಯಕ್ಕೆ ತೊಡಗಿದರು. ಕೈಯಲ್ಲಿ ಹಿಡಿಯುವ ಯಂತ್ರವು ಬೆಳಕನ್ನು ಬೀರಿ ಕಲ್ಲಿನ ಏರುತಗ್ಗುಗಳನ್ನು ಮಿಲಿಮೀಟರಿಗಿಂತಲೂ ಸೂಕ್ಷ್ಮವಾಗಿ ಅಳೆಯುವುದು. ಬರಿಗಣ್ಣಿಗೆ ಕಾಣದ ಅಕ್ಷರಗಳು ಆ ಪ್ರತಿರೂಪದಲ್ಲಿ ಎದ್ದು ತೋರುವುವು. ಕಲ್ಲು ನಾಳೆ ನಾಶವಾದರೂ ಓದು ಉಳಿಯುವುದು.

ಇಲ್ಲಿ ಇನ್ನೊಂದು ಮಾತನ್ನು ಅರಿಕೆಮಾಡುವುದು ನಮ್ಮ ಕರ್ತವ್ಯ. ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯ ಮೇಲೆ 1247ನೆಯ ಇಸವಿಯ ಶಾಸನವಿದೆ. ಅದರ ಭಾಷೆ ತಮಿಳು. ಅದರಲ್ಲಿಯೂ ನಮ್ಮ ಬೆಂಗಳೂರಿನ ಹೆಸರಿದೆ. ಕನ್ನಡವನ್ನು ಪ್ರೀತಿಸುವವರು ಆ ಕಲ್ಲನ್ನೂ ಬೇಗೂರಿನ ಕಲ್ಲಿನಷ್ಟೇ ಜೋಪಾನವಾಗಿ ಕಾಯಬೇಕು. ಸಾಕ್ಷಿಗಳಲ್ಲಿ ತಮಗೆ ಬೇಕಾದುದನ್ನು ಮಾತ್ರ ಉಳಿಸಿಕೊಳ್ಳುವವರ ಇತಿಹಾಸವನ್ನು ಯಾರೂ ನಂಬುವುದಿಲ್ಲ.

ಉಪಾಧ್ಯಾಯ ಬಂಧುಗಳೆ, ಔಷಧಗಳ ಕೆಲಸವನ್ನು ಪರಿಣತರಿಗೆ ಬಿಡೋಣ. ನಮ್ಮ ಪಾಲಿನ ಕೆಲಸವೂ ಸಣ್ಣದಲ್ಲ. ಮಕ್ಕಳನ್ನು ಶಾಸನ ತೋರಿಸಲು ಕರೆದೊಯ್ದಾಗ ಅಕ್ಷರಗಳಿಗೆ ಸೀಮೆಸುಣ್ಣವನ್ನು ತಿಕ್ಕಬೇಡಿರಿ, ಅದೂ ಲವಣವೇ. ಸಂಜೆಯಾದಮೇಲೆ ಪಕ್ಕದಿಂದ ಓರೆಯಾಗಿ ಟಾರ್ಚಿನ ಬೆಳಕನ್ನು ಬಿಡಿರಿ, ನೆರಳಿನಿಂದಲೇ ಅಕ್ಷರ ಕಾಣುವುದು. ನಾಲ್ಕು ದಿಕ್ಕುಗಳಿಂದ ಬೆಳಕು ಬಿಟ್ಟು ನಾಲ್ಕು ಚಿತ್ರಗಳನ್ನು ತೆಗೆಯಿರಿ. ಕಲ್ಲಿರುವ ಸ್ಥಳವನ್ನೂ ದಿನವನ್ನೂ ಬರೆದಿಡಿರಿ. ಗುಡಿಯ ಜೀರ್ಣೋದ್ಧಾರದ ಮಾತು ಎದ್ದೊಡನೆ, ಕೆಲಸ ಮೊದಲಾಗುವುದಕ್ಕೆ ಮುಂಚೆಯೇ, ರಾಜ್ಯದ ಪುರಾತತ್ತ್ವ ಇಲಾಖೆಗೆ ಕಾಗದ ಬರೆಯಿರಿ. ಊರ ಹಿರಿಯರಿಗೆ ವಿನಯದಿಂದ ತಿಳಿಯಹೇಳಿರಿ. ಅವರು ಕೆಡಿಸಬೇಕೆಂದು ಕೆಡಿಸುವವರಲ್ಲ.

ಪ್ರತಿ ಶಾಲೆಯೂ ತನ್ನ ಸುತ್ತಲಿನ ಒಂದು ಮೈಲಿಯ ಕಲ್ಲುಗಳ ಪಟ್ಟಿಯನ್ನು ಈ ವರ್ಷದೊಳಗೆ ಸಿದ್ಧಪಡಿಸಲೆಂದು ಪ್ರಾರ್ಥಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.