ಜೇನಿಗೆ ಮದ್ದು ಹಾಕುವ ಹೂ

ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕೊಡಗಿನ ಕಾಫಿ ತೋಟಕ್ಕೆ ಹೋದವರಿಗೆ ನಾನು ವರ್ಣಿಸಬೇಕಿಲ್ಲ: ಗಿಡವೆಲ್ಲ ಬಿಳುಪು, ಮಲ್ಲಿಗೆಯಂಥ ಘಮ, ಕಿವಿ ತುಂಬ ಜೇನಿನ ಸದ್ದು. ಒಬ್ಬ ಒಂದೇ ಮನೆಗೆ ಮತ್ತೆ ಮತ್ತೆ ಹೋದರೆ ನಮ್ಮೂರ ಕಡೆ 'ಮದ್ದು ಹಾಕಿದ್ದಾರೆ' ಅನ್ನುತ್ತಾರಲ್ಲ, ಈ ಹೂವಿನ ಮೇಲೂ ಅದೇ ಗುಮಾನಿ. ಮದ್ದಿನ ಮಾತಿಗೆ ಮೊದಲು ಜೇನಿನ ತಲೆಯೊಳಗೆ ಇಣುಕೋಣ.

ಸಾಸಿವೆ ಕಾಳಿನಷ್ಟು ಮಿದುಳು, ಅದರಲ್ಲಿ ಸುಮಾರು 10 ಲಕ್ಷ ನರಕೋಶ. ಜೇನನ್ನು ಪುಟ್ಟ ಕೊಳವೆಯಲ್ಲಿ ಕೂರಿಸಿ, ತಲೆಯಷ್ಟೇ ಹೊರಗಿಟ್ಟು, ಮೀಸೆಗೆ ಸಕ್ಕರೆ ನೀರು ಸೋಕಿಸಿ: ನಾಲಿಗೆ ತಾನಾಗಿ ಚಾಚುತ್ತದೆ. ಒಂದು ವಾಸನೆ ಊದಿ, ಬೆನ್ನಿಗೇ ಸಕ್ಕರೆ ಕೊಡಿ. ಎರಡು-ಮೂರು ಸಲಕ್ಕೆ ಬರೀ ವಾಸನೆಗೇ ನಾಲಿಗೆ ಹೊರಗೆ!

1993ರಲ್ಲಿ ಬರ್ಲಿನ್ನಿನ ಮಾರ್ಟಿನ್ ಹ್ಯಾಮರ್ ಸಕ್ಕರೆಯನ್ನೇ ಕೈಬಿಟ್ಟರು. ವಾಸನೆಯ ಬೆನ್ನಿಗೆ ಒಂದೇ ಒಂದು ನರಕೋಶವನ್ನು ವಿದ್ಯುತ್ತಿನಿಂದ ಕೆಣಕಿದರು. ಸಕ್ಕರೆ ಕಾಣದ ಜೇನು ಸಕ್ಕರೆ ತಿಂದಂತೆಯೇ ಕಲಿಯಿತು. ಮೊದಲು ಕೆಣಕಿ ಆಮೇಲೆ ವಾಸನೆ ಊದಿದರೆ ಮಾತ್ರ ಪಾಠ ತಲೆಗೆ ಹತ್ತಲಿಲ್ಲ. ಆ ಕೋಶ ಮಿದುಳಿನಲ್ಲಿ ಸುರಿಸುವುದು ಆಕ್ಟೊಪಮೈನ್ ಎಂಬ ರಾಸಾಯನಿಕ. 1998ರಲ್ಲಿ ಹ್ಯಾಮರ್ ಮತ್ತು ಅವರ ಸಹೋದ್ಯೋಗಿ ಮೆನ್ಜೆಲ್ ಅದನ್ನೇ ಮಿದುಳಿಗೆ ಚುಚ್ಚಿ ನೋಡಿದರು, ಫಲ ಅದೇ. ಅಂದರೆ ಬಾಯಿಗೆ ಬಿದ್ದ ಸಿಹಿ ಬೇರೆ, 'ಇದನ್ನು ನೆನಪಿಡು' ಎಂಬ ಅಪ್ಪಣೆ ಬೇರೆ. ನನಗೆ ಇದಕ್ಕಿಂತ ಸೊಗಸಾದ ಪ್ರಯೋಗ ಈ ವಿಷಯದಲ್ಲಿ ಕಂಡಿಲ್ಲ.

ಈಗ ಮದ್ದು. ನರಕೋಶಗಳಿಗೆ ಕಡಿವಾಣ ಹಾಕುವ ಇನ್ನೊಂದು ಸಂದೇಶವಾಹಕ ಇದೆ, ಅಡೆನೊಸಿನ್. ಅದು ಕೂರಬೇಕಾದ ಪೀಠದಲ್ಲಿ ಕೆಫೀನ್ ಬಂದು ಕೂತುಬಿಡುತ್ತದೆ, ಕಡಿವಾಣ ಸಡಿಲವಾಗುತ್ತದೆ. ಬೆಳಗಿನ ಲೋಟ ನಮಗೆ ಮಾಡುವುದೂ ಇದನ್ನೇ. ಕಾಫಿ ಮತ್ತು ಕಿತ್ತಳೆ ಜಾತಿಯ ಹೂಗಳ ಮಕರಂದದಲ್ಲಿ ಜೇನಿಗೆ ಕಹಿಯೆನಿಸದಷ್ಟು ಕೆಫೀನ್ ಇರುತ್ತದೆ. 2013ರಲ್ಲಿ ಜೆರಾಲ್ಡಿನ್ ರೈಟ್ ತಂಡ ಅಷ್ಟನ್ನು ಸಕ್ಕರೆಗೆ ಬೆರೆಸಿ ಕೊಟ್ಟಾಗ, ಮರುದಿನ ವಾಸನೆ ನೆನಪಿಟ್ಟ ಜೇನುಗಳು, ಬರೀ ಸಕ್ಕರೆ ಕುಡಿದವುಗಳಿಗಿಂತ ಮೂರು ಪಟ್ಟು. ಇದು ಪ್ರಯೋಗಾಲಯದ, ಯೂರೋಪಿನ ಜೇನಿನ ಲೆಕ್ಕ, ನಮ್ಮ ತುಡುವೆಯದ್ದಲ್ಲ.

ಕಾಫಿ ಗಿಡಕ್ಕೆ ಈ ನೆನಪಿನಿಂದ ಏನು ಲಾಭ? ಅರೇಬಿಕಾ ಕಾಫಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಅದಕ್ಕೆ ಜೇನಿನ ಗರಜು ಅಷ್ಟಿಲ್ಲ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಹೂ ಬಾಡುವುದೋ ಎರಡು-ಮೂರು ದಿನಕ್ಕೆ. ಪ್ರಯೋಗದಲ್ಲಿ ಕೆಫೀನ್ ಕುಡಿದ ಜೇನುಗಳು ಮೂರನೆಯ ದಿನಕ್ಕೂ, ಬರೀ ಸಕ್ಕರೆ ಕುಡಿದವುಗಳಿಗಿಂತ ಎರಡು ಪಟ್ಟು ಸಂಖ್ಯೆಯಲ್ಲಿ ಆ ವಾಸನೆಗೆ ನಾಲಿಗೆ ಚಾಚುತ್ತಿದ್ದವು.