ಬಿಳಿ ಪಂಚೆಯ ಮುಂದೆ ನಮ್ಮ ಫೋಟೋ



ಇವತ್ತು ಫೋಟೋ ವಿಚಾರ ಮಾತಾಡೋಣ. ಮದುವೆ ಫೋಟೋ ಅಲ್ಲ. ಜಾತ್ರೆ ಫೋಟೋ ಅಲ್ಲ. ಅರ್ಜಿಗೆ ಅಂಟಿಸುವ ಸಣ್ಣ ಫೋಟೋ. ನೀವೆಲ್ಲ ಹೆಸರು ಬರೆಯಲು ಕಲಿತಿದ್ದೀರಿ. ಅರ್ಜಿಯಲ್ಲಿ ಹೆಸರಿನ ಹತ್ತಿರವೇ ಒಂದು ಖಾಲಿ ಚೌಕ ಇರುತ್ತದೆ. ಅಲ್ಲಿ ನಮ್ಮ ಮುಖ ಬೇಕು.

ಅರಕಲಗೂಡು ಕಡೆಯ ಒಬ್ಬ ಅಕ್ಕನ ಕತೆ ಹೇಳುತ್ತೇನೆ. ಗಂಡ ತೀರಿಕೊಂಡಿದ್ದರು. ವಿಧವಾ ವೇತನಕ್ಕೆ ಅರ್ಜಿ ಹಾಕಿದರು. ಮಗ ಮನೆಯಲ್ಲೇ ಫೋನಿನಲ್ಲಿ ಫೋಟೋ ತೆಗೆದ. ಹಿಂದೆ ಸುಣ್ಣದ ಗೋಡೆ ಇತ್ತು. ಬಿಳೀ ಗೋಡೆ. ಆದರೆ ಮುಖ ಮಾತ್ರ ಕರ್ರಗೆ ಬಂತು. ಕಣ್ಣು ಎಲ್ಲಿ, ಮೂಗು ಎಲ್ಲಿ ಗೊತ್ತಾಗಲಿಲ್ಲ. "ಮುಖ ಕಾಣೋದಿಲ್ಲ, ಬೇರೆ ತನ್ನಿ" ಎಂದು ಅರ್ಜಿ ವಾಪಸ್ ಕೊಟ್ಟರು. ಎರಡು ದಿನದ ಕೂಲಿ ಹೋಯಿತು. ಬಸ್ ಚಾರ್ಜೂ ಹೋಯಿತು. ವೇತನ ಬರುವುದು ತಡವಾಯಿತು.

ಆ ಅಕ್ಕ ನನ್ನ ಹತ್ತಿರ ಏನು ಅಂದರು ಗೊತ್ತೇ? "ನಾನೇ ಕರ್ರಗಿದ್ದೀನಿ ಕಣವ್ವ. ಫೋಟೋ ಏನು ಮಾಡೀತು?"

ನನಗೆ ಬಹಳ ಸಂಕಟವಾಯಿತು. ತಪ್ಪು ಅಕ್ಕನ ಬಣ್ಣದ್ದಲ್ಲ. ಕ್ಯಾಮೆರಾದ್ದು. ಅದನ್ನು ಹಿಡಿದವರದ್ದು.

ಅದು ಹೇಗೆ ಅಂತ ಕೇಳಿ. ನೀವು ಬಿಸಿಲಲ್ಲಿ ಅಂಗಳ ಗುಡಿಸುತ್ತಿದ್ದೀರಿ. ತಟ್ಟನೆ ಅಡಿಗೆಮನೆಗೆ ಬರುತ್ತೀರಿ. ಎಲ್ಲ ಕತ್ತಲೆ. ಸೌಟು ಎದುರಿಗಿದ್ದರೂ ಕಾಣುವುದಿಲ್ಲ. ಅಂಗಳದ ಬೆಳಕಿಗೆ ಕಣ್ಣು ಕಿರಿದಾಗಿತ್ತು, ಅದಕ್ಕೇ. ಕ್ಯಾಮೆರಾವೂ ಹಾಗೇ ಮಾಡುತ್ತದೆ. ಎದುರಿಗೆ ಬಿಳಿ ಹೆಚ್ಚಾಗಿ ಕಂಡರೆ "ಓಹೋ, ಬೆಳಕು ಜಾಸ್ತಿ" ಎಂದುಕೊಳ್ಳುತ್ತದೆ. ತಾನಾಗಿಯೇ ಬೆಳಕು ಕಡಿಮೆ ಮಾಡುತ್ತದೆ. ಆಗ ಬಿಳಿ ಗೋಡೆ ಬೂದಿ ಬಣ್ಣ ಆಗುತ್ತದೆ. ಮುಖ ಕಪ್ಪಾಗುತ್ತದೆ. ಗೋಧಿ ಬಣ್ಣದವರಿಗೂ ಹೀಗಾಗುತ್ತೆ. ಕಪ್ಪಗಿರುವವರಿಗೆ ಇನ್ನೂ ಜಾಸ್ತಿ.

ಇನ್ನೊಂದು ಮಾತು. ಅಮೆರಿಕದಲ್ಲಿ ಕೊಡ್ಯಾಕ್ ಎಂಬ ಕಂಪನಿ ಇದೆ. ಹಿಂದೆ ಫಿಲ್ಮ್ ರೋಲ್ ಮಾಡುತ್ತಿದ್ದ ದೊಡ್ಡ ಕಂಪನಿ ಅದು. ಬಣ್ಣ ಸರಿಯಾಗಿದೆಯೇ ಎಂದು ನೋಡಲು ಅದು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಎಂದು ಹೆಸರು. ಬಹಳ ವರ್ಷ ಆ ಚಿತ್ರದಲ್ಲಿ ಇದ್ದದ್ದು ಬಿಳಿ ಚರ್ಮದ ಹೆಂಗಸು. ಅವಳ ಮುಖ ಚೆನ್ನಾಗಿ ಬಂದರೆ ಎಲ್ಲ ಸರಿ ಎಂದು ಲೆಕ್ಕ! ಕಪ್ಪು ಮೈಬಣ್ಣದವರ ಮುಖ ಸರಿಯಾಗಿ ಬರುತ್ತಿರಲಿಲ್ಲ. ನಾಚಿಕೆ ಪಡಬೇಕಾದವರು ನಾವಲ್ಲ.

ಈಗ ಮನೆಯಲ್ಲಿ ಫೋಟೋ ತೆಗೆಯುವ ಬಗೆ ನೋಡೋಣ.

ಮೊದಲು ಜಾಗ. ನಮ್ಮ ಕಡೆ ಹೆಂಚಿನ ಮನೆಗೆ ಜಗಲಿ ಇರುತ್ತದೆ. ಅದೇ ನಮ್ಮ ಸ್ಟುಡಿಯೋ. ಮೇಲೆ ನೆರಳು, ಎದುರಿಗೆ ಅಂಗಳದ ಬೆಳಕು. ಜಗಲಿಯ ಮೇಲೆ ನೇರ ಬಿಸಿಲು ಬೀಳದ ಹೊತ್ತು ನೋಡಿ. ಉತ್ತರ ದಿಕ್ಕಿನ ಜಗಲಿ ಆದರೆ ಬಹಳ ಒಳ್ಳೆಯದು. ವರ್ಷದ ಬಹುಪಾಲು ಅಲ್ಲಿ ಬಿಸಿಲು ನೇರವಾಗಿ ಬೀಳುವುದಿಲ್ಲ. ಚನ್ನರಾಯಪಟ್ಟಣದವರಿಗೆ ಗೊತ್ತು. ಶ್ರವಣಬೆಳಗೊಳದ ಗೊಮ್ಮಟನೂ ಉತ್ತರಕ್ಕೇ ಮುಖ ಮಾಡಿ ನಿಂತಿದ್ದಾನೆ. ಸುಡು ಬಿಸಿಲಲ್ಲಿ ಮಾತ್ರ ನಿಲ್ಲಬೇಡಿ. ಮಧ್ಯಾಹ್ನದ ಬಿಸಿಲಿಗೆ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ.

ಹಿಂದಕ್ಕೆ ಒಂದು ಬಿಳಿ ಪಂಚೆ ಕಟ್ಟಿ. ಒಗೆದು ಇಸ್ತ್ರಿ ಮಾಡಿದ್ದಿರಲಿ. ಅಂಚು ಕಾಣದ ಹಾಗೆ ಮಡಚಿ. ತೆಳು ಪಂಚೆಯಾದರೆ ಎರಡು ಮಡಿಕೆ ಹಾಕಿ. ಸುಕ್ಕಿದ್ದರೆ ಫೋಟೋದಲ್ಲಿ ಗೆರೆಗೆರೆ ಕಾಣುತ್ತದೆ.

ಪಂಚೆಗೆ ಬೆನ್ನು ತಾಗಿಸಿ ಕೂರಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಮೂರು ನಾಲ್ಕು ಅಡಿ ಮುಂದೆ ಸ್ಟೂಲ್ ಹಾಕಿ ಕೂತುಕೊಳ್ಳಿ. ಆಗ ನಿಮ್ಮ ನೆರಳು ಪಂಚೆಯ ಮೇಲೆ ಬೀಳುವುದಿಲ್ಲ. ಪಂಚೆಯ ಮೇಲೂ ಚೆನ್ನಾಗಿ ಬೆಳಕು ಬೀಳಬೇಕು. ಇಲ್ಲದಿದ್ದರೆ ಅದು ಬಿಳಿಯಾಗಿ ಬರುವುದಿಲ್ಲ, ಮಾಸಲಾಗಿ ಬರುತ್ತದೆ. ಮುಖ ಅಂಗಳದ ಕಡೆಗೆ ಇರಲಿ. ಮನೆಯ ಬಲ್ಬು ಆರಿಸಿ. ಹಳದಿ ಬೆಳಕು ಸೇರಿದರೆ ಬಣ್ಣ ಕೆಡುತ್ತದೆ.

ಮಡಿಲಲ್ಲಿ ಒಂದು ಬಿಳಿ ಟವೆಲ್ ಹಾಸಿಕೊಳ್ಳಿ. ನಗಬೇಡಿ! ಬೆಳಕು ಆ ಟವೆಲ್ಲಿಗೆ ಬಡಿದು ಗಲ್ಲದ ಕೆಳಗೆ, ಕಣ್ಣಿನ ಗುಳಿಗೆ ಹೋಗುತ್ತದೆ. ಅಲ್ಲಿನ ಕಪ್ಪು ಹೋಗುತ್ತದೆ. ಕಾಸು ಖರ್ಚಿಲ್ಲ.

ಬಿಳಿ ಸೀರೆ, ಬಿಳಿ ರವಿಕೆ ಬೇಡ. ಹಿಂದಿನ ಪಂಚೆಯ ಜೊತೆ ಸೇರಿಹೋಗುತ್ತದೆ. ಹಸಿರು, ಕೆಂಪು, ನೀಲಿ ಯಾವುದಾದರೂ ಸರಿ. ಕುಂಕುಮ, ಮೂಗುತಿ ಇರಲಿ. ತಲೆಯ ಮೇಲೆ ಸೆರಗು ಹಾಕುವ ರೂಢಿ ಇದ್ದರೆ ಇರಲಿ. ಆದರೆ ಹಣೆಯಿಂದ ಗಲ್ಲದವರೆಗೆ ಮುಖ ಪೂರ್ತಿ ಕಾಣಬೇಕು. ಕೂದಲು ಕಣ್ಣಿಗೆ ಬೀಳಬಾರದು. ಕನ್ನಡಕ ತೆಗೆದರೆ ಒಳ್ಳೆಯದು, ಅದರ ಗಾಜು ಹೊಳೆಯುತ್ತದೆ.

ಫೋಟೋ ತೆಗೆಯುವವರು ನಾಲ್ಕೈದು ಅಡಿ ದೂರ ಇರಲಿ. ತೀರ ಹತ್ತಿರ ಬಂದರೆ ಮೂಗು ದಪ್ಪ ಕಾಣುತ್ತದೆ. ಫೋನು ನಿಮ್ಮ ಕಣ್ಣಿನ ಎತ್ತರಕ್ಕೇ ಇರಬೇಕು. ಈಗ ಮುಖ್ಯ ಕೆಲಸ. ಫೋನಿನ ಪರದೆಯಲ್ಲಿ ಕಾಣುವ ಮುಖದ ಮೇಲೆ ಬೆರಳಿಂದ ಮುಟ್ಟಬೇಕು. ಬಹಳ ಫೋನುಗಳಲ್ಲಿ ಆಗ ಸಣ್ಣ ಸೂರ್ಯನ ಗುರುತು ಬರುತ್ತದೆ. ಅದನ್ನು ನಿಧಾನವಾಗಿ ಮೇಲಕ್ಕೆ ಸರಿಸಿ. ಮುಖ ಬೆಳಗುತ್ತದೆ. ಪಂಚೆ ಹಾಲಿನಂತೆ ಬಿಳಿಯಾಗುತ್ತದೆ. ಇಷ್ಟು ಮಾಡಿದ್ದರೆ ಆ ಅಕ್ಕನ ಅರ್ಜಿ ವಾಪಸ್ ಬರುತ್ತಿರಲಿಲ್ಲ.

ಮುಖ ಬೆಳ್ಳಗೆ ಮಾಡುವ ಆಟ ಕೆಲವು ಫೋನಿನಲ್ಲಿ ಇರುತ್ತದೆ. ಅದು ಬೇಡವೇ ಬೇಡ. ಅರ್ಜಿಯಲ್ಲಿ ನಿಮ್ಮ ಮುಖವೇ ಇರಬೇಕು. ನೆರೆಮನೆಯವಳದ್ದಲ್ಲ. ಹಿಂದಿನ ಚಿತ್ರ ಅಳಿಸಿ ಬಿಳಿ ಮಾಡುವ ಆಟವೂ ಇದೆ. ಅದು ಕೆಲವು ಸಲ ಕಿವಿಯನ್ನೂ ಕೂದಲನ್ನೂ ಕತ್ತರಿಸಿಬಿಡುತ್ತದೆ.

ಹಿಂದೆ ಇಷ್ಟು ಸುಲಭ ಇರಲಿಲ್ಲ. 1993ರಲ್ಲಿ ಚುನಾವಣಾ ಆಯೋಗ ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಕೊಡಲು ತೀರ್ಮಾನಿಸಿತು. ಆಗ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರು. ಎಷ್ಟೋ ಹೆಂಗಸರು ಒಬ್ಬರೇ ಕೂತು ಫೋಟೋ ತೆಗೆಸಿಕೊಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಗಂಡನ ಪಕ್ಕ, ಇಲ್ಲವೇ ಗುಂಪಿನ ಮೂಲೆಯಲ್ಲಿ. ಈಗ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಲ್ಲಿ ಅಳತೆಯನ್ನೂ ಬರೆದಿದ್ದಾರೆ. ಉದ್ದ 4.5 ಸೆಂಟಿಮೀಟರ್, ಅಗಲ 3.5. ಹಿಂದೆ ಬಿಳಿ.

ದೊಡ್ಡ ಫೋಟೋಗ್ರಾಫರೂ ನಮ್ಮ ಜಗಲಿಯ ಉಪಾಯವನ್ನೇ ಮಾಡಿದ್ದಾರೆ. ಅಮೆರಿಕದ ರಿಚರ್ಡ್ ಅವೆಡಾನ್ ಬಹಳ ಹೆಸರಾದವರು. 1979ರಿಂದ 1984ರವರೆಗೆ ಅವರು ಊರೂರು ತಿರುಗಿದರು. ಗಣಿ ಕೆಲಸದವರು, ಕೂಲಿಯವರು, ಹೋಟೆಲಿನಲ್ಲಿ ದುಡಿಯುವ ಹೆಂಗಸರು, ಇವರ ಫೋಟೋ ತೆಗೆದರು. ಹೊರಗೆ ನೆರಳಿನಲ್ಲಿ ಒಂದು ದೊಡ್ಡ ಬಿಳಿ ಕಾಗದ ಅಂಟಿಸುತ್ತಿದ್ದರು. ಅದರ ಮುಂದೆ ಅವರನ್ನು ನಿಲ್ಲಿಸುತ್ತಿದ್ದರು, ಅಷ್ಟೇ. ಕೆಲಸದ ಬಟ್ಟೆಯಲ್ಲೇ, ಕೈ ಮಸಿಯಾಗಿದ್ದರೂ ಹಾಗೆಯೇ. ಹಿಂದೆ ಏನೂ ಇಲ್ಲದಿದ್ದರೆ ನೋಡುವವರ ಕಣ್ಣು ಮುಖಕ್ಕೇ ಹೋಗುತ್ತದೆ.

ಫೋಟೋ ತೆಗೆದಾದ ಮೇಲೆ ಹಾಸನಕ್ಕೋ ಹೊಳೆನರಸೀಪುರಕ್ಕೋ ಹೋದಾಗ ಪ್ರಿಂಟ್ ಹಾಕಿಸಿ. 4 ಇಂಚು 6 ಇಂಚಿನ ಒಂದು ಕಾಗದದಲ್ಲಿ ಈ ಅಳತೆಯ 8 ಫೋಟೋ ಹಿಡಿಯುತ್ತವೆ. ಒಂದನ್ನೇ ಕೇಳಬೇಡಿ, ಎಂಟನ್ನೂ ಹಾಕಿಸಿಕೊಳ್ಳಿ. ಸ್ತ್ರೀಶಕ್ತಿ ಸಂಘಕ್ಕೆ, ಬ್ಯಾಂಕಿಗೆ ಬೇಕಾಗುತ್ತದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ನಿಮ್ಮ ಹೆಸರು ಬರೆಯಿರಿ. ಪೆನ್ನು ಒತ್ತಿ ಬರೆದರೆ ಮುಂದೆ ಗುರುತು ಮೂಡುತ್ತದೆ.

ಆ ಅರಕಲಗೂಡಿನ ಅಕ್ಕನ ಫೋಟೋ ಹೀಗೇ ಮತ್ತೆ ತೆಗೆದೆವು. ಅವರ ಮನೆ ಜಗಲಿಯಲ್ಲೇ. ಫೋಟೋ ಕೈಗೆ ಕೊಟ್ಟಾಗ ಬಹಳ ಹೊತ್ತು ನೋಡಿದರು. "ನಮ್ಮವ್ವನ ಹಂಗೇ ಇದೀನಲ್ಲ" ಅಂದರು. ಒಂದನ್ನು ಅರ್ಜಿಗೆ ಅಂಟಿಸಿದರು. ಒಂದನ್ನು ದೇವರ ಗೂಡಿನಲ್ಲಿ ಇಟ್ಟರು.

ಪಂಚೆ ತಂದಿದ್ದೇನೆ. ಹಗ್ಗವೂ ಇದೆ. ಮೊದಲು ಯಾರು ಕೂರುತ್ತೀರಿ? ಬನ್ನಿ ಅಜ್ಜಿ, ನೀವೇ ಬನ್ನಿ.