ಪಿತ್ತಕೋಶ ತೆಗೆಸಿದ ಮೇಲೂ ಹರಳು



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ಆದರೂ ನಮ್ಮ ಮನೆಯಲ್ಲಿ ತಿಳಿದುಕೊಂಡ ಒಂದು ವಿಷಯವನ್ನು ಊರಿನ ಮುಂದೆ ಹೇಳಬೇಕೆನಿಸಿದೆ.

ನಮ್ಮ ಅವ್ವನಿಗೆ ಹರಳಾಗಿ ಪಿತ್ತಕೋಶ ತೆಗೆಸಿ ಎಂಟು ತಿಂಗಳಾಗಿತ್ತು. ಒಂದು ದಿನ ಬಲಪಕ್ಕೆಯ ಕೆಳಗೆ ನೋವು, ಚಳಿಜ್ವರ, ಕಣ್ಣು ಹಳದಿಯಾದವು. "ಕಾಮಣಿ ಆಗ್ಯದ, ನಾಟಿ ಔಷಧ ಕೊಡಸ್ರಿ" ಎಂದರು ಓಣಿಯವರು. ತಮ್ಮ ಅಂದೇ ಕಲಬುರಗಿಗೆ ಕರೆದೊಯ್ದ. ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳದೊಳಗೆ ಹರಳು ಕಂಡಿತು. "ಚೀಲಾನೇ ತೆಗೆದಾರ, ಮತ್ತ ಹರಳು ಎಲ್ಲಿಂದ ಬಂತಪ್ಪ?" ಎಂದು ಅವ್ವ ಕೇಳಿದಳು.

ಇದೇ ಶಾಲೆಯ ಹಲಗೆಯ ಮೇಲೆ ಗುರುಗಳು ಬರೆದ ಜೀರ್ಣಾಂಗದ ಚಿತ್ರದಲ್ಲಿ ಅದಕ್ಕೆ ಉತ್ತರವಿದೆ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಪಿತ್ತಕೋಶ ಅದನ್ನು ಕೂಡಿಡುವ ಟ್ಯಾಂಕು ಮಾತ್ರ. ಟ್ಯಾಂಕು ತೆಗೆದರೂ ಕರುಳಿಗೆ ಹೋಗುವ ಪೈಪು ಉಳಿದಿರುತ್ತದೆ, ಅದೇ ಪಿತ್ತನಾಳ. ಆಪರೇಷನ್‌ಗೆ ಮೊದಲೇ ಅದರೊಳಗೆ ಜಾರಿದ ಹರಳು ಅಲ್ಲೇ ಉಳಿಯಬಹುದು. ವರ್ಷಗಳ ನಂತರ ಹೊಸದೂ ಆಗಬಹುದು. ಪೈಪು ಕಟ್ಟಿದರೆ ಪಿತ್ತ ರಕ್ತಕ್ಕೆ ಸೇರಿ ಮೈ ಹಳದಿಯಾಗುತ್ತದೆ, ಮೂತ್ರದ ಬಣ್ಣ ಗಾಢವಾಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ. ನಿಂತ ಪಿತ್ತಕ್ಕೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ.

ಹೈದರಾಬಾದಿನಲ್ಲಿ ಅವ್ವನಿಗೆ ಇ.ಆರ್.ಸಿ.ಪಿ. ಮಾಡಿದರು. ಹೊಟ್ಟೆ ಕೊಯ್ಯಲಿಲ್ಲ. ಮಂಪರು ಬರಿಸಿ, ಕ್ಯಾಮೆರಾ ಇರುವ ನಳಿಕೆಯನ್ನು ಬಾಯಿಂದ ಸಣ್ಣ ಕರುಳಿನವರೆಗೆ ಇಳಿಸಿದರು. ಪಿತ್ತನಾಳದ ತುದಿಯನ್ನು ಸ್ವಲ್ಪವೇ ಸೀಳಿ, ಎಕ್ಸ್‌ರೇಯಲ್ಲಿ ನೋಡುತ್ತ, ಪುಟ್ಟ ಬಲೂನಿನಿಂದ ಹರಳನ್ನು ಕರುಳಿಗೆ ಎಳೆದು ಬಿಟ್ಟರು. ಹೀಗೆ ಸೀಳುವ ವಿಧಾನವನ್ನು 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ಲೋಕಕ್ಕೆ ತಿಳಿಸಿದರು. ಅದಕ್ಕೂ ಮೊದಲು ಇಂಥ ಹರಳಿಗೆ ಮತ್ತೆ ಹೊಟ್ಟೆ ತೆರೆಯಬೇಕಾಗುತ್ತಿತ್ತು. ಇದರಲ್ಲೂ ಅಪಾಯವಿಲ್ಲವೆಂದಲ್ಲ: ಕೆಲವರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಕೆಲವರಿಗೆ ರಕ್ತಸ್ರಾವವಾಗುತ್ತದೆ. ಆದ್ದರಿಂದ ನುರಿತ ವೈದ್ಯರೇ ಮಾಡಬೇಕು.

ಕಾಮಣಿ ಎಲ್ಲವೂ ಒಂದೇ ಅಲ್ಲ. ವೈರಸ್‌ನಿಂದ ಬರುವ ಕಾಮಣಿ ಎಷ್ಟೋ ಸಲ ತಾನಾಗಿ ಇಳಿಯುತ್ತದೆ, ಹೆಸರು ಔಷಧಕ್ಕೆ ಬರುತ್ತದೆ. ಪೈಪಿನಲ್ಲಿ ಸಿಕ್ಕಿ ಜ್ವರ ತಂದ ಹರಳು ಸೊಪ್ಪಿನ ರಸಕ್ಕೆ ಕರಗುವುದಿಲ್ಲ. ಪಿತ್ತಕೋಶ ತೆಗೆಸಿದವರು ಆಸ್ಪತ್ರೆಯ ಕಾಗದಗಳನ್ನು ಜೋಪಾನವಾಗಿಡಿ. ಹಳದಿ, ನೋವು, ಚಳಿಜ್ವರ ಕೂಡಿ ಬಂದರೆ ಅಂದೇ ದೊಡ್ಡಾಸ್ಪತ್ರೆಗೆ ಹೊರಡಿ. ರಾಶಿ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ಕಾಯಬೇಡಿ.